ನೆರಿಗೆ ಹಿಂದಕ್ಕೆ

ನೆರಿಗೆ ಇರಬೇಕಾದದ್ದು ಮುಂದೆ. ಇದರಲ್ಲಿ ನನಗೆ ಯಾವತ್ತೂ ಅನುಮಾನ ಇರಲಿಲ್ಲ. ಅಮ್ಮನ ಸೀರೆಯ ನೆರಿಗೆ ಮುಂದೆ. ಅಪ್ಪ ಮದುವೆಮನೆಗೆ ಉಡುವ ಪಂಚೆಯ ನೆರಿಗೆ ಮುಂದೆ. ನಮ್ಮೂರ ದೇವಸ್ಥಾನದಲ್ಲಿ ಅಮ್ಮನವರಿಗೆ ಉಡಿಸುವ ಸೀರೆಯ ನೆರಿಗೆಯೂ ಮುಂದೆ. ಹಾಗಾಗಿ ಎಡಿನ್‌ಬರ್ಗ್‌ನಲ್ಲಿ ಒಂದು ಮಾರ್ಚ್ ತಿಂಗಳ ಶನಿವಾರ, ಜೀವನದಲ್ಲಿ ಮೊದಲ ಸಲ ಕಿಲ್ಟ್, ಅಂದರೆ ಸ್ಕಾಟ್ಲೆಂಡಿನ ಗಂಡಸರು ಉಡುವ ನೆರಿಗೆಯ ಲಂಗ, ಉಟ್ಟು ಮನೆಯಿಂದ ಹೊರಬಿದ್ದಾಗ, ಅದರ ಅಷ್ಟೂ ನೆರಿಗೆ ನನ್ನ ಹೊಟ್ಟೆಯ ಮೇಲಿತ್ತು.

ಸಹೋದ್ಯೋಗಿಯ ಮದುವೆ. "ಕಿಲ್ಟ್ ಹಾಕ್ಕೊಂಡು ಬಾ, ಎಲ್ಲರೂ ಹಾಕ್ಕೋತಾರೆ" ಅಂದಿದ್ದ. ಇಲ್ಲಿ ಕಿಲ್ಟ್ ಬಾಡಿಗೆಗೆ ಕೊಡುವ ಅಂಗಡಿಗಳಿವೆ. ನಮ್ಮಲ್ಲಿ ಸ್ಕೂಲ್ ಡೇಗೆ ಮಕ್ಕಳಿಗೆ ಕೃಷ್ಣನ ಡ್ರೆಸ್ ಬಾಡಿಗೆಗೆ ತರ್ತಾರಲ್ಲ, ಹಾಗೆ. ಗುರುವಾರ ತಗೊಂಡು ಹೋಗಿ ಸೋಮವಾರ ವಾಪಸ್ ಕೊಡಬೇಕು. ಅಂಗಡಿಯವನು ಸೊಂಟದ ಅಳತೆ ಕೇಳಿದ. ಹೇಳಿದೆ. ನಕ್ಕ. ಅದು ಪ್ಯಾಂಟಿನ ಸೊಂಟವಂತೆ. ಕಿಲ್ಟಿನ ಸೊಂಟ ಇನ್ನೂ ಮೇಲೆ, ಹೊಕ್ಕುಳಿನ ಹತ್ತಿರ ಇರೋದಂತೆ. ಇಷ್ಟು ವರ್ಷ ನನ್ನ ಪ್ಯಾಂಟು ಹೊಟ್ಟೆಯ ಕೆಳಗೆ ನುಸುಳಿಕೊಂಡು ಹೇಗೋ ಕಾಪಾಡಿಕೊಂಡು ಬಂದಿದ್ದ ಮಾನ ಅವನ ಟೇಪಿನ ಮುಂದೆ ಒಂದು ನಿಮಿಷದಲ್ಲಿ ಹೋಯಿತು. ನಾಲ್ಕು ಇಂಚು ಜಾಸ್ತಿ ಬಂತು. ಅವನು ಅದನ್ನು ಒಳಗಿದ್ದ ಇನ್ನೊಬ್ಬನಿಗೆ ಕೂಗಿ ಹೇಳಿ ಬರೆಸಿದ.

ಆಮೇಲೆ "ಯಾವ ಕ್ಲಾನ್?" ಅಂದ. ಕ್ಲಾನ್ ಅಂದರೆ ಮನೆತನ. ಪುರೋಹಿತರು ಗೋತ್ರ ಕೇಳಿದ ಹಾಗಾಯಿತು. ನನಗೆ ಗೋತ್ರ ಗೊತ್ತು, ನಕ್ಷತ್ರ ಗೊತ್ತು, ಬೇಕಿದ್ದರೆ ರಾಶಿಯನ್ನೂ ಹೇಳ್ತೀನಿ. ಆದರೆ ಇವು ಯಾವುವೂ ಅವನ ಪುಸ್ತಕದಲ್ಲಿ ಇರಲಿಲ್ಲ. ಕೊನೆಗೆ ಬ್ಲ್ಯಾಕ್ ವಾಚ್ ಅನ್ನುವ ಬಟ್ಟೆಯ ಕಿಲ್ಟ್ ಕೊಟ್ಟ. ಕಡುನೀಲಿ, ಕಡುಹಸಿರು, ಕಪ್ಪು ಚೌಕಳಿ. ಯಾವ ಮನೆತನಕ್ಕೂ ಸೇರದವರು ಧೈರ್ಯವಾಗಿ ಉಡಬಹುದಾದ ಟಾರ್ಟನ್ ಅದು. ಟಾರ್ಟನ್ ಅಂದರೆ ಕಿಲ್ಟಿನ ಚೌಕಳಿ ವಿನ್ಯಾಸ. ಸರ್ಕಾರಿ ಟಾರ್ಟನ್ ಅಂತಲೂ ಕರೀತಾರೆ. ಸರ್ಕಾರಿ ಅಂದಮೇಲೆ ನನಗೂ ಸಮಾಧಾನವಾಯಿತು.

ಶನಿವಾರ ಬೆಳಿಗ್ಗೆ ಚೀಲ ಬಿಚ್ಚಿದರೆ ಒಳಗೊಂದು ಸಂಸಾರವೇ ಇತ್ತು. ಕಿಲ್ಟು, ಕೋಟು, ವೇಸ್ಟ್‌ಕೋಟು, ಉದ್ದನೆ ಉಣ್ಣೆ ಸಾಕ್ಸು, ಆ ಸಾಕ್ಸಿನ ಮಡಿಕೆಯಿಂದ ಇಣುಕಬೇಕಾದ ಎರಡು ಬಟ್ಟೆ ಚೂರು, ದೊಡ್ಡದೊಂದು ಪಿನ್ನು, ಸರಪಳಿ ಕಟ್ಟಿದ ತುಪ್ಪಳದ ಚೀಲ, ನಾಲಿಗೆ ಇಲ್ಲದ ಶೂ, ಆ ಶೂಗೆ ಬಾವಿ ಹಗ್ಗದಷ್ಟು ಉದ್ದದ ಲೇಸು, ಮತ್ತೆ ಒಂದು ಪುಟ್ಟ ಚೂರಿ. ಚೂರಿಗೆ ಸ್ಕೀಅನ್ ಡೂ ಅಂತ ಹೆಸರು. ಬಲಗಾಲಿನ ಸಾಕ್ಸಿಗೆ ಸಿಕ್ಕಿಸಿ ಹಿಡಿ ಮಾತ್ರ ಕಾಣುವ ಹಾಗೆ ಇಡಬೇಕು. ಕೊಡವರ ಪೀಚೆಕತ್ತಿ ನೆನಪಾಗಿ ಒಂದು ಕ್ಷಣ ಮೈ ಜುಮ್ಮೆಂದಿತು. ಎಳೆದು ನೋಡಿದರೆ ಅಲಗೇ ಇಲ್ಲ! ಬಾಡಿಗೆಯವರಿಗೆ ಹಿಡಿಯಷ್ಟೇ ಭಾಗ್ಯ.

ಹೆಂಡತಿ ಕಾಫಿ ಲೋಟ ಹಿಡಿದುಕೊಂಡು ಸೋಫಾದಲ್ಲಿ ಕೂತು ಮೇಲ್ವಿಚಾರಣೆ ಮಾಡುತ್ತಿದ್ದಳು. ನಾನು ಕಿಲ್ಟನ್ನು ಹಾಗೂ ಹೀಗೂ ತಿರುಗಿಸುತ್ತಾ ನಿಂತಿದ್ದೆ.

"ನೆರಿಗೆ ಮುಂದೆ ಬರ್ಬೇಕು ರೀ. ಅಷ್ಟೂ ಗೊತ್ತಾಗಲ್ವಾ?"

ಹದಿನೈದು ವರ್ಷದಿಂದ ಸೀರೆ ಉಡುತ್ತಿರುವವಳ ಮಾತು. ಅದರ ಮುಂದೆ ನನ್ನ ಬುದ್ಧಿ ಎಷ್ಟರದ್ದು? ನೆರಿಗೆ ಮುಂದೆ ತಂದೆ. ಬಕಲ್‌ಗಳು ಹಿಂದಕ್ಕೆ ಹೋದವು, ನನಗೆ ಕೈ ಎಟುಕಲಿಲ್ಲ, ಬ್ಲೌಸಿನ ಹುಕ್ ಹಾಕುವ ಹಾಗೆ ಅವಳೇ ಬಿಗಿದಳು. ಇಬ್ಬರಿಗೂ ಆಗಲೇ ಸಂಶಯ ಬರಬೇಕಿತ್ತು. ಯಾವ ದೇಶದ ಗಂಡಸರು ದಿನಾ ಬೆಳಿಗ್ಗೆ ಬಟ್ಟೆ ಹಾಕಿಕೊಳ್ಳೋಕೆ ಇನ್ನೊಬ್ಬರನ್ನು ಕರೀತಾರೆ? ಬರಲಿಲ್ಲ. ನೆರಿಗೆಯ ಗುಡ್ಡದ ಮೇಲೆ ತುಪ್ಪಳದ ಚೀಲ ಕಟ್ಟಿದೆ. ಬೆಟ್ಟದ ತುದಿ ಹತ್ತಿದ ಕುರಿಮರಿ ಇಳಿಯೋಕೆ ಗೊತ್ತಾಗದೆ ಕೂತ ಹಾಗೆ ಅದು ಕೂತಿತು. ಶೂ ಲೇಸನ್ನು ಕಾಲಿಗೆ ಸುತ್ತಿ ಕಟ್ಟಬೇಕು ಅಂತ ಮಾತ್ರ ಗೊತ್ತಿತ್ತು, ಎಲ್ಲಿವರೆಗೆ ಅಂತ ಗೊತ್ತಿರಲಿಲ್ಲ. ಲೇಸು ಮುಗಿಯೋವರೆಗೂ ಸುತ್ತಿದೆ. ಗೆಜ್ಜೆ ಒಂದು ಬಾಕಿ.

ಭಾರ ಬೇರೆ. ಒಳ್ಳೆ ಕಿಲ್ಟಿಗೆ 8 ಗಜ ಉಣ್ಣೆ ಬಟ್ಟೆ ಹೋಗುತ್ತೆ. ನಮ್ಮ ಲೆಕ್ಕದಲ್ಲಿ ಹದಿನಾರು ಮೊಳ. ಅಪ್ಪನ ಪಂಚೆ ಎಂಟು ಮೊಳದ್ದು, ಅಜ್ಜಿ ಉಡುತ್ತಿದ್ದ ಕಚ್ಚೆ ಸೀರೆ ಹದಿನೆಂಟು ಮೊಳದ್ದು. ಅಂದರೆ ನಾನು ಹೆಚ್ಚುಕಮ್ಮಿ ಅಜ್ಜಿಯ ಸೀರೆಯಷ್ಟು ಬಟ್ಟೆಯನ್ನು, ಅದೂ ಕಂಬಳಿ ದಪ್ಪದ್ದನ್ನು, ಸೊಂಟಕ್ಕೆ ಸುತ್ತಿಕೊಂಡು ಮಂಡಿ ಚಳಿಗೆ ಬಿಟ್ಟು ಹೊರಟಿದ್ದೆ.

ಲೀತ್ ವಾಕ್‌ನ ಟ್ರಾಮ್ ಸ್ಟಾಪಿಗೆ ಬಂದೆ. ಅವತ್ತು ಮುರ್ರೇಫೀಲ್ಡ್‌ನಲ್ಲಿ ರಗ್ಬಿ ಪಂದ್ಯ ಇತ್ತು. ಸ್ಟಾಪಿನಲ್ಲಿ ನನ್ನ ಹಾಗೇ ಕಿಲ್ಟ್ ಉಟ್ಟವರು ಆರೇಳು ಜನ ಇದ್ದರು. ಅಬ್ಬಾ, ನಮ್ಮವರು ಸಿಕ್ಕಿದರು ಅನ್ನಿಸಿ ನಾನೇ ಮೊದಲು ನಕ್ಕೆ. ಅವರೂ ನಕ್ಕರು. ಸ್ವಲ್ಪ ಜಾಸ್ತಿಯೇ ನಕ್ಕರು. ಅದರಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜ ಮಾತ್ರ ನಗಲಿಲ್ಲ. ನನ್ನ ಮುಂದೆ ಬಂದರು, ಸುತ್ತ ಒಂದು ಪ್ರದಕ್ಷಿಣೆ ಹಾಕಿದರು, ಮತ್ತೆ ಮುಂದೆ ಬಂದು ನಿಂತು ತುಂಬಾ ಮೆಲ್ಲಗೆ ಕೇಳಿದರು.

"ಮಗಾ, ನೀನು ಹೋಗ್ತಾ ಇದೀಯೋ, ಬರ್ತಾ ಇದೀಯೋ?"

ಅರ್ಥವಾಗಲಿಲ್ಲ. ಮದುವೆಗೆ ಹೋಗ್ತಾ ಇದೀನಿ ಅಂದೆ.

"ನೀನು ಹೋಗ್ತಾ ಇದೀಯ. ಆದ್ರೆ ನಿನ್ನ ಕಿಲ್ಟು ಬರ್ತಾ ಇದೆ."

ನೆಲ ಬಿರಿಯಬಾರದೇ ಅನ್ನಿಸಿದ್ದು ಆಗ. ಟ್ರಾಮ್ ಬರೋಕೆ ಐದು ನಿಮಿಷ ಇತ್ತು. ಅಜ್ಜ ಬೋರ್ಡ್ ನೋಡಿದರು, ಮುಚ್ಚಿದ್ದ ಒಂದು ಅಂಗಡಿಯ ಬಾಗಿಲ ಮೂಲೆ ನೋಡಿದರು, ಇಬ್ಬರು ದಾಂಡಿಗರಿಗೆ ಕಣ್ಣಲ್ಲೇ ಏನೋ ಹೇಳಿದರು. ಮರುಕ್ಷಣ ನಾನು ಆ ಮೂಲೆಯಲ್ಲಿದ್ದೆ. ಇಬ್ಬರೂ ನನಗೆ ಬೆನ್ನು ಹಾಕಿ, ತಮ್ಮ ರಗ್ಬಿ ಸ್ಕಾರ್ಫ್ ಬಿಡಿಸಿ ಅಡ್ಡ ಹಿಡಿದರು. ನಮ್ಮಲ್ಲಿ ಹೊಳೆ ದಂಡೆಯಲ್ಲಿ ಹೆಂಗಸರು ಸೀರೆ ಬದಲಾಯಿಸುವಾಗ ಒಬ್ಬರಿಗೊಬ್ಬರು ಟವೆಲ್ ಅಡ್ಡ ಹಿಡೀತಾರಲ್ಲ, ಥೇಟ್ ಹಾಗೆ. ಆರಡಿ ಎತ್ತರದ, ಕೆಂಪು ಗಡ್ಡದ ಹೆಂಗಸರು ಅಂದುಕೊಳ್ಳಿ.

ಅಜ್ಜ ಬಕಲ್ ಬಿಚ್ಚಿದರು. "ತಿರುಗು" ಅಂದರು. ನಾನು ತಿರುಗಿದೆ. ಕಿಲ್ಟೂ ನನ್ನ ಜೊತೆಗೇ ತಿರುಗಿತು. "ನೀನಲ್ಲ ಮಾರಾಯ, ಅದು!" ಅನ್ನುವ ಧಾಟಿಯಲ್ಲಿ ಏನೋ ಗೊಣಗಿ, ನನ್ನ ಭುಜ ಒಂದು ಕೈಯಲ್ಲಿ ಒತ್ತಿಹಿಡಿದು ಇನ್ನೊಂದು ಕೈಯಲ್ಲಿ ಬಟ್ಟೆ ಎಳೆದರು. ನೆರಿಗೆ ಹಿಂದಕ್ಕೆ ಹೋಯಿತು. ಮುಂದೆ ಎರಡು ಪದರ ಚಪ್ಪಟೆ ಬಟ್ಟೆ ಬಂತು. ಎಡಗಡೆ ಪಟ್ಟಿಯನ್ನು ಸೊಂಟಪಟ್ಟಿಯ ಸೀಳಿನಿಂದ ತೂರಿಸಿ ಬಿಗಿದು, ಮೇಲಿನ ಪದರವನ್ನು ಬಲಕ್ಕೆ ತಂದು ಅಲ್ಲಿನ ಎರಡು ಬಕಲ್ ಹಾಕಿದರು. ಎಲ್ಲ ಬಕಲ್‌ಗಳೂ ನನ್ನ ಕೈಗೇ ಸಿಗುವ ಹಾಗಿದ್ದವು. ನೆರಿಗೆಗಳನ್ನು ಮೇಲಿಂದ ಕೆಳಗೆ ಎರಡು ಸಲ ಸವರಿದರು. ಹೆಂಡತಿ ಹೊರಗೆ ಹೊರಡುವಾಗ ತನ್ನ ಸೀರೆಯ ನೆರಿಗೆಯನ್ನು ನನ್ನ ಕೈಲಿ ಹಿಡಿಸಿ ಸರಿಮಾಡಿಸುತ್ತಾಳಲ್ಲ, ಅದೇ ಕೈ ಚಲನೆ. ಪಿನ್ನನ್ನು ನಾನು ಎರಡೂ ಪದರ ಸೇರಿಸಿ ಚುಚ್ಚಿದ್ದೆ. ಅದನ್ನು ಕಿತ್ತು ಮೇಲಿನ ಪದರಕ್ಕೆ ಮಾತ್ರ ಚುಚ್ಚಿದರು. ಎರಡಕ್ಕೂ ಸೇರಿಸಿ ಚುಚ್ಚಿದರೆ ಮೊದಲ ಸಲ ಮೆಟ್ಟಿಲು ಹತ್ತಿದಾಗ ಪರ್ ಅಂತ ಹರಿಯುತ್ತಂತೆ. ಕೊನೆಗೆ ಬಗ್ಗಿ ಶೂ ಲೇಸು ನೋಡಿ ಒಂದು ದೀರ್ಘ ನಿಟ್ಟುಸಿರು ಬಿಟ್ಟರು. "ಇದು ಟ್ರಾಮಲ್ಲಿ ಮಾಡೋಣ."

ಟ್ರಾಮಲ್ಲಿ ಮಾಡಿದೆವು. ಮಂಡಿ ಹತ್ತಿರ ಇದ್ದ ಗಂಟು ಕಣಕಾಲಿನ ಮೇಲಕ್ಕೆ ಬಂತು. ಒಂದು ಕಡೆ ಸಾಕ್ಸು ಜಾರುತ್ತಿತ್ತು. ಅಜ್ಜ ತಮ್ಮ ಸ್ಪೋರನ್ ತೆಗೆದರು. ಸ್ಪೋರನ್ ಅಂದರೆ ಆ ತುಪ್ಪಳದ ಚೀಲ. ಕಿಲ್ಟಿಗೆ ಜೇಬಿಲ್ಲ, ಅದಕ್ಕೆ ಅದು. ಅವರ ಸ್ಪೋರನ್ ಒಳಗೆ ಟ್ರಾಮ್ ಪಾಸು, ಪೆಪ್ಪರ್‌ಮಿಂಟು, ಮೂರು ಸೇಫ್ಟಿ ಪಿನ್ನು, ಸೂಜಿದಾರ, ಮಡಚಿದ ಒಂದು ಐದು ಪೌಂಡಿನ ನೋಟು. ನನ್ನ ಅಜ್ಜನ ಎಲೆಅಡಿಕೆ ಸಂಚಿ ಹೀಗೇ ಇರುತ್ತಿತ್ತು. ಅದರಲ್ಲಿ ಎಲೆಅಡಿಕೆ ಬಿಟ್ಟು ಊರಿನವರಿಗೆಲ್ಲ ಬೇಕಾದ್ದು ಎಲ್ಲಾ ಇರುತ್ತಿತ್ತು. ಒಂದು ಸೇಫ್ಟಿ ಪಿನ್ನು ನನ್ನ ಸಾಕ್ಸಿಗೆ ದಾನವಾಯಿತು. ಆವತ್ತಿಂದ ಅವರು ನನಗೆ ಟ್ರಾಮ್ ಅಜ್ಜ.

ಮದುವೆಯಲ್ಲಿ ಏನೇನಾಯಿತು ಅಂತ ಎಲ್ಲ ಹೇಳೋಕೆ ಹೋಗಲ್ಲ. ಗ್ರೂಪ್ ಫೋಟೋದಲ್ಲಿ ಮುಂದಿನ ಸಾಲಿನಲ್ಲಿ ಕೂರಿಸಿದರು, ಫೋಟೋಗ್ರಾಫರ್ ನನ್ನೊಬ್ಬನಿಗೇ ಮೂರು ಸಲ "ಮಂಡಿ ಜೋಡಿಸಿ ಸರ್" ಅಂದ. ರಾತ್ರಿ ಕೇಲಿ ಅನ್ನುವ ಇಲ್ಲಿನ ಗುಂಪು ನೃತ್ಯ ಶುರುವಾಯಿತು. ಸ್ಟ್ರಿಪ್ ದ ವಿಲ್ಲೋ ಅಂತ ಒಂದಿದೆ. ಎದುರುಬದುರು ಎರಡು ಸಾಲು ನಿಂತು, ಒಬ್ಬರ ತೋಳು ಹಿಡಿದು ಗಿರಗಿರ ತಿರುಗಿ, ಬಿಟ್ಟು, ಮುಂದಿನವರ ತೋಳು ಹಿಡಿದು ಮತ್ತೆ ತಿರುಗೋದು. ರಾಗಿ ಬೀಸುವ ಕಲ್ಲಿಗೆ ಸಿಕ್ಕ ಕಾಳಿನ ಪಾಡು. ಮೊದಲ ಸುತ್ತಿಗೇ ನನ್ನ ಸ್ಪೋರನ್ ಸರಪಳಿ ಸಮೇತ ಮೇಲೆದ್ದು ಎಲ್ಲಿ ಹೊಡೆಯಬಾರದೋ ಅಲ್ಲಿ ಹೊಡೆಯಿತು. ಕಣ್ಣಲ್ಲಿ ನೀರು ಬಂತು. ಪಕ್ಕದ ಸಾಲಿನಲ್ಲಿ ತಿರುಗುತ್ತಿದ್ದ, ಪರಿಚಯವೇ ಇಲ್ಲದ ಒಬ್ಬ ಕಿಲ್ಟಿನವನು ತಿರುಗುತ್ತಲೇ ಕೈ ಚಾಚಿ ನನ್ನ ಸ್ಪೋರನ್ನನ್ನು ಸೊಂಟದ ಪಕ್ಕಕ್ಕೆ ಸರಿಸಿ ಮುಂದೆ ಹೋದ. ಕುಣಿಯುವಾಗ ಅದು ಅಲ್ಲಿರಬೇಕಂತೆ.

ಇದು ನಾನು ಗಮನಿಸಿದ್ದು. ಕಿಲ್ಟ್ ಉಟ್ಟವರಿಗೆ ಇನ್ನೊಬ್ಬ ತಪ್ಪಾಗಿ ಉಟ್ಟಿರೋದನ್ನು ನೋಡಿ ಸುಮ್ನೆ ಹೋಗೋಕೆ ಆಗಲ್ಲ. ಪ್ಯಾಂಟಿನವರ ಕಥೆ ಬೇರೆ. ನನ್ನ ಪ್ಯಾಂಟಿನ ಜಿಪ್ ಬಿಚ್ಚಿಕೊಂಡು ಇಡೀ ಮಧ್ಯಾಹ್ನ ಆಫೀಸಿನಲ್ಲಿ ಓಡಾಡಿದ್ದೇನೆ, ಒಬ್ಬರೂ ಹೇಳಿಲ್ಲ. ಅದೇ ನಮ್ಮೂರ ಮದುವೆಮನೆಯಲ್ಲಿ ಪಂಚೆ ಸ್ವಲ್ಪ ಸಡಿಲವಾದರೆ ಸಾಕು, ಎಲ್ಲಿಂದಲೋ ಒಬ್ಬರು ಮಾವ ಬಂದು "ಬಾ ಇಲ್ಲಿ" ಅಂತ ಕಂಬದ ಮರೆಗೆ ಎಳೆದುಕೊಂಡು ಹೋಗಿ ಕಟ್ಟಿ ಕಳಿಸ್ತಾರೆ. ಸೊಂಟಕ್ಕೆ ಸುತ್ತಿಕೊಂಡವರಿಗೆಲ್ಲ ಒಂದೇ ಭಯ ಅಲ್ವಾ? ಇವತ್ತು ನಿನ್ನದು, ನಾಳೆ ನಂದು.

ಆದರೆ ಒಂದು ಕಾಟ ಇದೆ. ಆ ಪ್ರಶ್ನೆ. ಸೋಮವಾರ ಆಫೀಸಿಗೆ ಹೋದರೆ ಎಲ್ಲರದ್ದೂ ಅದೇ. ಊರಿಗೆ ಫೋಟೋ ಕಳಿಸಿದರೆ ದೊಡ್ಡಪ್ಪನ ಮಗನದ್ದೂ ಅದೇ. ಮದುವೆಯಲ್ಲಂತೂ ವಧುವಿನ ಚಿಕ್ಕಮ್ಮ ಎರಡು ಗ್ಲಾಸ್ ಆದಮೇಲೆ ನೇರವಾಗಿ ಕೇಳಿದರು. "ಒಳಗೆ ಏನು ಹಾಕಿದೀಯ?" ಬಾಡಿಗೆ ಅಂಗಡಿಯಲ್ಲಿ ಚಡ್ಡಿ ಕಡ್ಡಾಯ ಅಂತ ಮೊದಲೇ ಹೇಳಿದ್ದರು. ನಾನು ಸತ್ಯವಂತ. ಪಟ್ಟಾಪಟ್ಟಿ ಚಡ್ಡಿ, ಶಿವಮೊಗ್ಗದ ಗಾಂಧಿ ಬಜಾರಿನದ್ದು ಅಂತ ವಿವರವಾಗಿ ಹೇಳಿದೆ. ಅವರಿಗೆ ನಿರಾಸೆಯಾಯಿತು ಅಂತ ಕಾಣುತ್ತೆ, ಎದ್ದು ಹೋದರು.

ಟ್ರಾಮ್ ಅಜ್ಜನ ಗುಂಪಿನಲ್ಲಿ ಈ ಪ್ರಶ್ನೆ ನಿಷೇಧ. ತಿಂಗಳ ಮೊದಲ ಶನಿವಾರ ಹತ್ತು ಹದಿನೈದು ಜನ ಕಿಲ್ಟ್ ಉಟ್ಟುಕೊಂಡು ಒಂದು ಪಬ್‌ನಲ್ಲಿ ಸೇರ್ತಾರೆ. ಬಾಡಿಗೆ ಕಿಲ್ಟ್ ವಾಪಸ್ ಕೊಡೋ ಮೊದಲು ಫೋನ್ ಮಾಡು ಅಂದಿದ್ದರು, ಮಾಡಿದೆ, ಬಾ ಅಂದರು, ಅದೇ ಕಿಲ್ಟನ್ನು ಮತ್ತೆ ಬಾಡಿಗೆಗೆ ತಗೊಂಡು ಹೋದೆ. ಹೋಗಿ ನೋಡಿದರೆ ಅಲ್ಲಿ ಅರ್ಧಕ್ಕರ್ಧ ಜನ ನನ್ನ ಹಾಗೆ ಹೊರಗಿನವರೇ. ಗ್ಲಾಸ್ಗೋದಲ್ಲೇ ಹುಟ್ಟಿದ ಒಬ್ಬ ಸರ್ದಾರ್ಜಿ. ಸಿಂಗ್ ಟಾರ್ಟನ್ ಅಂತಲೇ ಒಂದಿದೆ, ಅವರದ್ದು ಅದೇ. ಹೆಂಡತಿ ಸ್ಕಾಟ್ ಅಂತ ಕಿಲ್ಟ್ ಹಿಡಿದ ಒಬ್ಬ ಜರ್ಮನ್. ಬೆನ್ನಿನ ಆಪರೇಷನ್ ಆದಮೇಲೆ ಬೆಲ್ಟ್ ಒತ್ತುತ್ತೆ ಅಂತ ಪ್ಯಾಂಟಿಗೇ ತಿಲಾಂಜಲಿ ಕೊಟ್ಟ ಒಬ್ಬ ಮೇಷ್ಟ್ರು. ಜಗಳಕ್ಕೇನೂ ಕೊರತೆಯಿಲ್ಲ. ಪ್ರವಾಸಿಗಳಿಗೆ ರಾಯಲ್ ಮೈಲ್ ಬೀದಿಯಲ್ಲಿ ಮಾರುವ ಅಕ್ರಿಲಿಕ್ ಕಿಲ್ಟನ್ನು ಕಿಲ್ಟ್ ಅನ್ನಬಹುದೋ ಬಾರದೋ, ಜೇಬಿಟ್ಟು ಹೊಲಿದ ಕಿಲ್ಟ್ ಉಟ್ಟವರನ್ನು ಮೇಜಿಗೆ ಸೇರಿಸಬೇಕೋ ಬೇಡವೋ, ಬಟ್ಟೆಯ ತೂಕ ಗಜಕ್ಕೆ 13 ಔನ್ಸ್ ಸಾಕೋ 16 ಬೇಕೋ. ನಮ್ಮಲ್ಲಿ ಕಾಫಿಗೆ ಚಿಕೋರಿ ಬೆರೆಸೋದರ ಬಗ್ಗೆ ನಡೆಯುವ ಜಗಳಕ್ಕೂ ಇದಕ್ಕೂ ವ್ಯತ್ಯಾಸವೇ ಇಲ್ಲ.

ಮೊದಲ ದಿನವೇ ನಾನೊಂದು ಎಡವಟ್ಟು ಮಾಡಿದೆ. ಹೊಸಬ ಬೇರೆ, ಓದಿಕೊಂಡು ಹೋಗಿದ್ದೆ. ಈಗಿನ ಮಂಡಿವರೆಗಿನ ಚಿಕ್ಕ ಕಿಲ್ಟನ್ನು 1720ರ ದಶಕದಲ್ಲಿ ಥಾಮಸ್ ರಾಲಿನ್ಸನ್ ಅನ್ನುವ ಇಂಗ್ಲಿಷಿನವನು ಶುರುಮಾಡಿದ ಅಂತ ಒಂದು ವಾದ ಇದೆ. ಲ್ಯಾಂಕಶೈರ್‌ನಿಂದ ಬಂದು ಹೈಲ್ಯಾಂಡ್ಸ್‌ನಲ್ಲಿ, ಅಂದರೆ ಸ್ಕಾಟ್ಲೆಂಡಿನ ಬೆಟ್ಟದ ಸೀಮೆಯಲ್ಲಿ, ಕಬ್ಬಿಣದ ಕುಲುಮೆ ನಡೆಸುತ್ತಿದ್ದವನು. ಅದಕ್ಕೂ ಮುಂಚೆ ಇದ್ದದ್ದು ದೊಡ್ಡ ಕಿಲ್ಟು. ಉದ್ದನೆಯ ಕಂಬಳಿಯಂಥದ್ದನ್ನು ನೆರಿಗೆ ಹಿಡಿದು ಬೆಲ್ಟ್ ಕಟ್ಟಿ, ಉಳಿದದ್ದನ್ನು ಹೆಗಲ ಮೇಲೆ ಹಾಕಿಕೊಳ್ಳೋದು. ಕುಲುಮೆ ಕೆಲಸಕ್ಕೆ ಅದು ಅಡ್ಡಿಯಾಗುತ್ತೆ ಅಂತ ಇವನು ಮೇಲಿನ ಅರ್ಧ ಕತ್ತರಿಸಿದನಂತೆ. ಇದನ್ನು ನಾನು ಎಲ್ಲರಿಗೂ ಕೇಳೋ ಹಾಗೆ, ಉತ್ಸಾಹದಿಂದ ಹೇಳಿದೆ. ಮೇಜು ತಣ್ಣಗಾಯಿತು. ಧಾರವಾಡಕ್ಕೆ ಹೋಗಿ ಪೇಡಾ ತಿನ್ನುತ್ತಾ, ಇದನ್ನು ಮಾಡಿದವರು ಉತ್ತರ ಪ್ರದೇಶದ ಕಡೆಯವರಂತಲ್ಲ ಅಂದರೆ ಹೇಗಾಗುತ್ತೆ? ಹಾಗೆ.

ಜರ್ಮನ್ ಮೆಲ್ಲಗೆ "ಆ ಹೆಸರು ಇಲ್ಲಿ ಎತ್ತಬಾರದು" ಅಂದ.

ಟ್ರಾಮ್ ಅಜ್ಜ ಬೈಯಲಿಲ್ಲ. ಬದಲಿಗೆ ಕಲ್ಲೋಡನ್ ಕಥೆ ಹೇಳಿದರು. 1746ರ ಏಪ್ರಿಲ್‌ನಲ್ಲಿ ಆ ಬಯಲಿನ ಯುದ್ಧದಲ್ಲಿ ಹೈಲ್ಯಾಂಡಿನ ದಂಗೆಕೋರರು ಸೋತರು. ಅದೇ ವರ್ಷ ಲಂಡನ್ನಿನ ಸರ್ಕಾರ ಹೈಲ್ಯಾಂಡ್ ಉಡುಪನ್ನೇ ನಿಷೇಧಿಸಿತು. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳು ಜೈಲು. ಎರಡನೇ ಸಲ ಏಳು ವರ್ಷ ಸಮುದ್ರದಾಚೆ ಗಡೀಪಾರು. ಸರ್ಕಾರಿ ಪಡೆಯ ಹೈಲ್ಯಾಂಡ್ ಸೈನಿಕರಿಗೆ ಮಾತ್ರ ವಿನಾಯಿತಿ. ಕಾನೂನು ರದ್ದಾಗಿದ್ದು 1782ರಲ್ಲಿ. "ಮೂವತ್ತಾರು ವರ್ಷ" ಅಂದರು. ನಾನು ಬಾಡಿಗೆಗೆ ತಂದಿದ್ದ ಬ್ಲ್ಯಾಕ್ ವಾಚ್ ಅದೇ ಸರ್ಕಾರಿ ಪಡೆಯದ್ದು ಅಂತ ಆಗ ತಲೆಗೆ ಹೊಳೆದು ಮೆಲ್ಲಗೆ ಕಾಲು ಮೇಜಿನಡಿಗೆ ಎಳೆದುಕೊಂಡೆ.

ನಾನೂ ಬಿಡಲಿಲ್ಲ. ನಮ್ಮಲ್ಲೂ ಆಗಿದೆ ಅಜ್ಜಾ ಅಂತ ಪಂಚೆ ಕಥೆ ಹೇಳಿದೆ. 2024ರ ಜುಲೈನಲ್ಲಿ ಬೆಂಗಳೂರಿನ ಮಾಲ್ ಒಂದರಲ್ಲಿ ಪಂಚೆ ಉಟ್ಟಿದ್ದ ರೈತರೊಬ್ಬರನ್ನು ಒಳಗೆ ಬಿಡಲಿಲ್ಲ. ಮಗ ಸಿನಿಮಾ ತೋರಿಸೋಕೆ ಕರೆದುಕೊಂಡು ಬಂದಿದ್ದ. ದೊಡ್ಡ ಗಲಾಟೆಯಾಗಿ, ವಿಧಾನಸಭೆಯಲ್ಲೂ ಚರ್ಚೆಯಾಗಿ, ಸರ್ಕಾರ ಏಳು ದಿನ ಮಾಲ್ ಮುಚ್ಚಿಸಿತು.

"ಏಳು ದಿನಾನಾ?" ಅಂದರು ಅಜ್ಜ. "ನಮಗೆ ಏಳು ವರ್ಷ ಕೊಡ್ತಿದ್ರು." ಆದರೂ ಲೋಟ ಎತ್ತಿ ಆ ರೈತರಿಗೊಂದು ಚಿಯರ್ಸ್ ಹೇಳಿದರು. ಮೇಜು ಮತ್ತೆ ಬಿಸಿಯಾಯಿತು.

ಇನ್ನೊಂದು ಸಲ ನಾಲ್ಕನೇ ಜಾರ್ಜ್ ದೊರೆಯ ಕಥೆ ಬಂತು. 1822ರಲ್ಲಿ ಆತ ಎಡಿನ್‌ಬರ್ಗ್‌ಗೆ ಬಂದಾಗ ಸಮಾರಂಭದ ಉಸ್ತುವಾರಿ ಕಾದಂಬರಿಕಾರ ವಾಲ್ಟರ್ ಸ್ಕಾಟ್‌ದು. ದೊರೆಗೂ ಕಿಲ್ಟ್ ಉಡಿಸಿದರು. ಸ್ಥೂಲಕಾಯ, ಕಿಲ್ಟ್ ಬೇರೆ ಗಿಡ್ಡವಾಯಿತು, ಬರಿಗಾಲು ಕಾಣಬಾರದು ಅಂತ ಒಳಗೆ ಗುಲಾಬಿ ಬಣ್ಣದ ಬಿಗಿ ಕಾಲುಚೀಲ. ಆಮೇಲೆ ಡೇವಿಡ್ ವಿಲ್ಕಿ ದೊರೆಯ ಚಿತ್ರ ಬರೆದಾಗ ಗುಲಾಬಿಯನ್ನು ಜಾಣತನದಿಂದ ಕೈಬಿಟ್ಟ. ವಿಲ್ಕಿ ಅಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಹೆಣ ಸಿಕ್ಕ ಗಳಿಗೆಯ ದೊಡ್ಡ ಚಿತ್ರ ಬರೆದವನೂ ಅವನೇ. ಅದರಲ್ಲಿ ನಡುವೆ ನಿಂತಿರುವ ಡೇವಿಡ್ ಬೇರ್ಡ್ ಸ್ಕಾಟ್ಲೆಂಡಿನವನು. ಹಿಂದೆ ಅದೇ ಶ್ರೀರಂಗಪಟ್ಟಣದಲ್ಲಿ ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದು, 1799ರಲ್ಲಿ ಕೋಟೆಗೆ ನುಗ್ಗಿದ ದಂಡಿನ ಮುಂದಾಳಾಗಿ ವಾಪಸ್ ಬಂದವನು. ನಾನು ಹತ್ತನೇ ಕ್ಲಾಸಿನ ಟೂರಿನಲ್ಲಿ ಅಲ್ಲಿಗೆ ಹೋಗಿ, ಕೋಟೆ ನೋಡುವ ಬದಲು ಹೊಳೆಗೆ ಚಪ್ಪಲಿ ಬೀಳಿಸಿಕೊಂಡು ಬಂದಿದ್ದೆ ಅಂದೆ. ಮೇಷ್ಟ್ರಿಗೆ ಬೇರ್ಡ್‌ಗಿಂತ ಚಪ್ಪಲಿ ಕಥೆಯೇ ಜಾಸ್ತಿ ಇಷ್ಟವಾಯಿತು.

ಜೂನ್ ತಿಂಗಳಲ್ಲಿ ಗ್ಲೆನ್‌ಕೋ ಕಡೆ ಬೆಟ್ಟ ನಡಿಗೆ ಇತ್ತು. ಅಷ್ಟರಲ್ಲಿ ನಾನು ಸ್ವಂತ ಕಿಲ್ಟ್ ಹೊಲಿಸಿದ್ದೆ. ಊರಲ್ಲಿ ಒಂದು ಹಳೇ ಬೈಕ್ ಬರುವಷ್ಟು ದುಡ್ಡು ಹೋಯಿತು, ಹೆಂಡತಿಗೆ ಅದರ ಅರ್ಧ ಹೇಳಿದ್ದೇನೆ. ಬೆಟ್ಟ ಹತ್ತುವಾಗ ಗೊತ್ತಾಯಿತು, ಹೈಲ್ಯಾಂಡಿನಲ್ಲಿ ಮಿಜ್ ಅನ್ನುವ ಒಂದು ನುಸಿ ಇದೆ. ಕಣ್ಣಿಗೆ ಕಾಣದಷ್ಟು ಚಿಕ್ಕದು, ಮೋಡದ ಹಾಗೆ ಬಂದು ಕಚ್ಚುತ್ತೆ. ನಾನು ಮಲೆನಾಡಿನವನು, ಇಂಬಳ ಕಂಡವನು. ಇಂಬಳಕ್ಕೆ ಸುಣ್ಣ ಇದೆ, ಉಪ್ಪಿದೆ, ಕೊನೆಗೆ ಕಣ್ಣಿಗಾದರೂ ಕಾಣುತ್ತೆ. ಇದಕ್ಕೆ ಏನೂ ಇಲ್ಲ. ಗಾಳಿ ಬೀಸಿದರೆ ಮಾತ್ರ ಹೋಗುತ್ತೆ. ಆದರೆ ಗಾಳಿ ಬೀಸಿದರೆ ಕಿಲ್ಟ್ ಮೇಲೆದ್ದು ಮರ್ಯಾದೆ ಹೋಗುತ್ತೆ. ಗಾಳಿ ನಿಂತರೆ ಮರ್ಯಾದೆ ಉಳಿಯುತ್ತೆ, ಮಿಜ್ ಬರುತ್ತೆ, ಬರೋದು ಬರಿ ಮಂಡಿಗೆ ಮಾತ್ರ ಅಲ್ಲ. ಆ ದಿನ ಹನ್ನೆರಡು ಜನ ಗಂಡಸರು ಬೆಟ್ಟದ ಮೇಲೆ ಸಾಲಾಗಿ ನಿಂತು ಗಾಳಿ ಬರಲಿ ಅಂತಲೂ ಬಾರದಿರಲಿ ಅಂತಲೂ ಒಟ್ಟಿಗೇ ಬೇಡಿಕೊಂಡೆವು.

ಅನಾಹುತ ಆಗಿದ್ದು ಆಗಸ್ಟ್‌ನಲ್ಲಿ. ಅಮ್ಮ ಊರಿಂದ ಬಂದಳು. ಬಂದ ಮೂರನೇ ದಿನ ನಾನು ಆಫೀಸಿನಲ್ಲಿದ್ದಾಗ, ಬಾಗಿಲ ಹಿಂದೆ ನೇತುಹಾಕಿದ್ದ ಕಿಲ್ಟ್ ಅವಳ ಕಣ್ಣಿಗೆ ಬಿತ್ತು. ಬೆಟ್ಟದ ಕೆಸರು, ಬೆವರು, ಪಬ್ಬಿನ ವಾಸನೆ.

"ಏನೋ ಅದು, ಕಂಬಳಿ ಅಷ್ಟು ಗಲೀಜಾಗಿತ್ತು? ಬಿಸಿನೀರಲ್ಲಿ ಹಾಕಿದೀನಿ" ಅಂತ ಫೋನಿನಲ್ಲಿ ಹೇಳಿದಳು.

ಅರವತ್ತು ಡಿಗ್ರಿ. ಅಮ್ಮನಿಗೆ ಮೆಷಿನ್ ಬಳಸೋದು ಕಲಿಸಿಕೊಟ್ಟಿದ್ದೂ ನಾನೇ. ಉಣ್ಣೆ ಬಿಸಿನೀರಲ್ಲಿ ಕುಗ್ಗಿ, ಗಟ್ಟಿಯಾಗಿ, ಮೆಟ್ಟಿಲ ಮುಂದೆ ಹಾಸುವ ಕಾಲೊರೆಸೋ ಮ್ಯಾಟಿನ ಹಾಗಾಗಿತ್ತು. ನೆರಿಗೆ ಎಲ್ಲಿತ್ತು ಅಂತ ಹುಡುಕಬೇಕಿತ್ತು. ಪಕ್ಕದ ಮನೆಯ ಏಳು ವರ್ಷದ ಹುಡುಗನಿಗೆ ಸರಿಯಾಗಿ ಆಗುತ್ತೆ ಅಂತ ಹೆಂಡತಿ ಅಂದಳು. ಅವಳಿಗೆ ಅದರ ಪೂರ್ತಿ ಬೆಲೆ ಹೇಳದೆ ಇದ್ದದ್ದಕ್ಕೆ ನಾನು ಪೂರ್ತಿ ಅಳೋ ಹಾಗೂ ಇರಲಿಲ್ಲ.

ಗುಂಪಿಗೆ ಸುದ್ದಿ ಹೋಯಿತು. ಒಬ್ಬೊಬ್ಬರೇ ಫೋನ್ ಮಾಡಿದರು, ಸಾವಿನ ಮನೆಗೆ ಮಾಡೋ ಹಾಗೆ. ಸರ್ದಾರ್ಜಿ "ಎಷ್ಟು ಡಿಗ್ರಿ?" ಅಂತ ಕೇಳಿ, ಅರವತ್ತು ಅಂದ ಕೂಡಲೇ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಭಾನುವಾರ ಟ್ರಾಮ್ ಅಜ್ಜ ಮನೆಗೇ ಬಂದರು. ಕೈಯಲ್ಲಿ ಒಂದು ಉದ್ದನೆಯ ಪೊಟ್ಟಣ. ಹೆಂಗಸರ ನೈಲಾನ್ ಕಾಲುಚೀಲದ ಒಂದು ಕಾಲು, ಅದರೊಳಗೆ ಕಿಲ್ಟನ್ನು ಸುರುಳಿ ಸುತ್ತಿ ತುರುಕಿದ್ದರು. ನೆರಿಗೆ ಕೆಡದ ಹಾಗೆ ಕಿಲ್ಟ್ ಸಾಗಿಸೋದು ಹೀಗೇ. ಅಮ್ಮ ನೋಡಿ, "ಪಡವಲಕಾಯಿ ತಂದಿದಾರೇನೋ?" ಅಂದಳು.

ಅದು ಅಜ್ಜನಿಗೆ ಹೊಟ್ಟೆ ಬರೋಕೆ ಮುಂಚಿನ ಕಿಲ್ಟ್. ಸುಮಾರು ನಲವತ್ತು ವರ್ಷ ಹಳೆಯದು. ನನ್ನ ಹೊಟ್ಟೆ ಅವರ ಅಂದಿನ ಹೊಟ್ಟೆಗಿಂತ ಎರಡು ಇಂಚು ಮುಂದಿತ್ತು. ಬಕಲ್ ಬಿಚ್ಚಿ ಬೇರೆ ಜಾಗಕ್ಕೆ ಹೊಲಿದರೆ ಆಗುತ್ತೆ ಅಂತ ಸ್ಪೋರನ್ನಿನಿಂದ ಸೂಜಿದಾರ ತೆಗೆದರು. ಅಮ್ಮ ಅದನ್ನು ಅವರ ಕೈಯಿಂದ ಇಸಕೊಂಡಳು. ಗಂಡಸರು ಹೊಲಿಯೋದನ್ನು ನೋಡಿಕೊಂಡು ಕೂರುವ ಜಾಯಮಾನ ಅವಳದ್ದಲ್ಲ. ಆಮೇಲೆ ಒಂದು ಗಂಟೆ ಇಬ್ಬರೂ ಊಟದ ಮೇಜಿನ ಮೇಲೆ ಕಿಲ್ಟ್ ಹಾಸಿಕೊಂಡು ಕೂತರು. ಅಜ್ಜನಿಗೆ ಕನ್ನಡ ಬರಲ್ಲ, ಅಮ್ಮನಿಗೆ ಇಂಗ್ಲಿಷ್ ಬರಲ್ಲ, ಅಜ್ಜನ ಸ್ಕಾಟಿಷ್ ಇಂಗ್ಲಿಷಂತೂ ನನಗೇ ಅರ್ಧ ಬರಲ್ಲ. ಇಸ್ತ್ರಿ ಮಾಡೋ ಮುಂಚೆ ಪ್ರತಿ ನೆರಿಗೆಯನ್ನೂ ಬಿಳಿ ದಾರದಲ್ಲಿ ಉದ್ದುದ್ದ ಹೊಲಿಗೆ ಹಾಕಿ ಹಿಡಿಸಬೇಕು, ಚೌಕಳಿಯ ಗೆರೆ ಗೆರೆಗೆ ಕೂಡಬೇಕು. ಅಮ್ಮ ಅಜ್ಜನ ಒಂದು ನೆರಿಗೆಯನ್ನು ಬಿಚ್ಚಿಸಿ ಮತ್ತೆ ಹಾಕಿಸಿದಳು. ಗೆರೆ ಒಂದು ಕೂದಲೆಳೆ ಆಚೀಚೆ ಆಗಿತ್ತಂತೆ. ಅಜ್ಜ ಕನ್ನಡಕ ಏರಿಸಿ ನೋಡಿ, ಹೌದು ಅಂತ ಒಪ್ಪಿಕೊಂಡರು. "ನೆರಿಗೆ" ಅಂದಳು ಅಮ್ಮ, ಬೆರಳು ಇಟ್ಟು. "ನೇರಿಗೇ" ಅಂದರು ಅಜ್ಜ. ಎಲ್ಲ ಮುಗಿದಮೇಲೆ ಅಮ್ಮ ಅದನ್ನು ಮಡಚಿ ನನ್ನ ಹಾಸಿಗೆ ಕೆಳಗೆ ಇಟ್ಟಳು, ನಮ್ಮಪ್ಪನ ಪ್ಯಾಂಟ್ ಇಡುತ್ತಿದ್ದ ಹಾಗೆ. ಅಜ್ಜ ಬಿದ್ದೂ ಬಿದ್ದೂ ನಕ್ಕರು. ಅವರೂ ಸೈನ್ಯದಲ್ಲಿದ್ದಾಗ ಅದನ್ನೇ ಮಾಡುತ್ತಿದ್ದರಂತೆ.

ಕಾಫಿ, ಚಕ್ಕುಲಿ ಆಯಿತು. ಅಮ್ಮ ಅಜ್ಜನ ಕಿಲ್ಟನ್ನೇ ನೋಡುತ್ತಾ ಕೂತಿದ್ದಳು. ನನಗೆ ಯಾಕೋ ಭಯ ಶುರುವಾಯಿತು.

"ಕೇಳೋ ಅವರನ್ನ" ಅಂದಳು. "ಈ ಚಳೀಲಿ ಒಳಗೆ ಏನಾದ್ರೂ ಹಾಕ್ಕೋತಾರೋ, ಇಲ್ವೋ?"

"ಅಮ್ಮಾ, ಅದನ್ನ ಕೇಳೋ ಹಾಗಿಲ್ಲ."

"ಯಾಕೆ? ವಯಸ್ಸಾದವರು ಪಾಪ."

ಅಜ್ಜ ಏನಂತೆ ಅಂತ ನನ್ನ ಮುಖ ನೋಡಿದರು. ಅಮ್ಮನ ಕೈ ಸನ್ನೆಯಲ್ಲೇ ಅವರಿಗೆ ಪ್ರಶ್ನೆ ಅರ್ಥವಾಗಿತ್ತು. ಯೋಚಿಸಿ, ಅಮ್ಮನ ಕಡೆ ತಿರುಗಿ, ಒಂದು ವಾಕ್ಯ ಹೇಳಿದರು. ಅದನ್ನು ನಾನು ಅನುವಾದ ಮಾಡಲಿಲ್ಲ. "ಅಭ್ಯಾಸ ಆಗಿದೆ ಅಂತಮ್ಮಾ" ಅಂದೆ.

ಅಮ್ಮನಿಗೆ ಸಮಾಧಾನವಾಗಲಿಲ್ಲ. ಅಜ್ಜ ಹೊರಡುವಾಗ ಒಳಗೆ ಹೋಗಿ, ನನಗೆ ಅಂತ ಗಾಂಧಿ ಬಜಾರಿನಿಂದ ತಂದಿದ್ದ ಹೊಸ ಪಟ್ಟಾಪಟ್ಟಿ ಚಡ್ಡಿಗಳಲ್ಲಿ ಎರಡನ್ನು ಚಕ್ಕುಲಿ ಡಬ್ಬಿಯ ಜೊತೆ ಕವರಿಗೆ ಹಾಕಿ, ಕುಂಕುಮ ಇಡೋದೊಂದು ಬಾಕಿ ಅನ್ನೋ ಹಾಗೆ ಎರಡೂ ಕೈಯಲ್ಲಿ ಕೊಟ್ಟಳು. ಅಜ್ಜ ಕವರಿನೊಳಗೆ ಇಣುಕಿ, ಬಟ್ಟೆಯನ್ನು ಬೆರಳಲ್ಲಿ ಉಜ್ಜಿ, ನೀಲಿ ಬಿಳಿ ಗೆರೆಗಳನ್ನು ಗಮನವಿಟ್ಟು ನೋಡಿ ನನ್ನನ್ನು ಕೇಳಿದರು.

"ಇದು ಯಾವ ಕ್ಲಾನ್?"

ಮುಂದಿನ ತಿಂಗಳ ಮೊದಲ ಶನಿವಾರ ಅವರು ಎಂದಿಗಿಂತ ಹುಷಾರಾಗಿ, ಕಾಲು ಚಾಚಿ, ಗಾಳಿ ಬರೋ ಬಾಗಿಲ ಪಕ್ಕವೇ ಕೂತಿದ್ದರು. ಹಾಕಿಕೊಂಡಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಮೇಜಿನಲ್ಲಿ ಅದನ್ನು ಕೇಳುವ ಹಾಗಿಲ್ಲವಲ್ಲ. ಅಮ್ಮ ಮಾತ್ರ ಊರಿಂದ ಪ್ರತಿ ಭಾನುವಾರ ಫೋನ್ ಮಾಡಿದಾಗಲೂ ಕೇಳ್ತಾಳೆ.